ಸೇರಿದ ತಾರೀಕು

ಆಫರ್ ಲೆಟರ್ ಬಂದದ್ದು ಸೊಸೆಯ ಹೆಸರಿಗೆ. ಮನೆಯವರಿಗೆ ಮೊದಲು ಜೀರ್ಣವಾಗದ್ದು ಅದೇ.

ಆಕೆಯ ಮಾವನನ್ನು ಬೀದಿಯವರು ಮೋಟಾರ್ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ನೀರಿನ ಪಂಪು, ಹಿಟ್ಟಿನ ಯಂತ್ರ, ಕಾರ್ಖಾನೆಯ ಫ್ಯಾನು, ಯಾವುದರ ಮೋಟಾರು ಸುಟ್ಟರೂ ಅಲ್ಲಿಗೆ ಬರುತ್ತಿತ್ತು. ಅದರ ಹೊಟ್ಟೆಯೊಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ, ಮತ್ತೆ ತಿರುಗುವಂತೆ ಮಾಡಿ ಕಳಿಸುವುದು ಅಲ್ಲಿಯ ಕಸುಬು. ಗಿರಾಕಿಗಳು ಮೇಸ್ತ್ರಿಯ ಕೈಗುಣ ಹೊಗಳುತ್ತಿದ್ದರು. ಮೇಸ್ತ್ರಿಯ ಕೈ ನಡುಗಲು ಶುರುವಾಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಹಿಂದಿನ ಕೋಣೆಯಲ್ಲಿ ಕೂತು ತಂತಿ ಸುತ್ತುತ್ತಿದ್ದವಳು ಸೊಸೆ. ಮಗ ಭಾರ ಎತ್ತುತ್ತಿದ್ದ, ಬೇರಿಂಗ್ ಬಿಚ್ಚುತ್ತಿದ್ದ, ರಿಪೇರಿಯಾದದ್ದನ್ನು ಗಾಡಿಯಲ್ಲಿ ಒಯ್ದು ಜೋಡಿಸಿ, ಗಿರಾಕಿಯ ಹತ್ತಿರ ಎರಡು ನಗೆಮಾತಾಡಿ ಬರುತ್ತಿದ್ದ. ಮಾವ ಮುಂದಿನ ಮೇಜಿನ ಹಿಂದೆ ಕೂತು ರಸೀತಿ ಬರೆಯುತ್ತಿದ್ದರು.

ಯಾರು ಸುತ್ತುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದ ಹೊರಗಿನವನು ಒಬ್ಬನೇ. ಆತ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದವನು. ಒಮ್ಮೆ ಗಿರಣಿಯ ದೊಡ್ಡ ಮೋಟಾರು ಸುಟ್ಟು ಕೆಲಸವೆಲ್ಲ ನಿಂತಾಗ, ಎರಡು ದಿನ ಅಂಗಡಿಯಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ. ಈಗ ಹೊರದೇಶದ ಒಂದು ಮೋಟಾರ್ ರಿಪೇರಿ ಕಂಪನಿಯಲ್ಲಿದ್ದ. ‘ಇಲ್ಲಿ ಕೈಯಲ್ಲಿ ಸುತ್ತುವವರು ಸಿಗುತ್ತಿಲ್ಲ. ನಿಮ್ಮ ಕೆಲಸ ನೋಡಿದ್ದೇನೆ. ಬರುತ್ತೀರಾ?’ ಎಂದು ಕೇಳಿದ್ದ. ಸೊಸೆ ಗಂಡನಿಗೆ ಮಾತ್ರ ಹೇಳಿ ‘ಬರುತ್ತೇನೆ’ ಎಂದು ಬರೆದಿದ್ದಳು. ಕಾಗದ ನಿಜವಾಗಿ ಬರುತ್ತದೆ ಎಂದು ಇಬ್ಬರೂ ನಂಬಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ನಾದಿನಿ ಅದನ್ನು ಓದಿ ಹೇಳಿದಳು. ಅವಳು ಸರಕು ಸಾಗಣೆಯ ಆಫೀಸಿನಲ್ಲಿ ಗುಮಾಸ್ತೆ. ಇಂಥ ಕಾಗದ ಓದುವುದು ಅವಳಿಗೆ ಬಲು ಸಲೀಸು.

“ಗಂಡ, ಮಗು ಜೊತೆಗೆ ಹೋಗಬಹುದು. ಎಂಟು ವಾರದಲ್ಲಿ ದಾಖಲೆ ಕೊಡಬೇಕು. ಇದೇ ಕಸುಬಿನಲ್ಲಿ ಐದು ವರ್ಷ ಕೆಲಸ ಮಾಡಿದ್ದಕ್ಕೆ ಮಾಲೀಕರ ಪತ್ರ ಬೇಕು, ಅಂಗಡಿ ಹೆಸರು ಅಚ್ಚಾಗಿರೋ ಹಾಳೆಯಲ್ಲಿ. ಸೇರಿದ ತಾರೀಕು, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಸಂಬಳ ಎಷ್ಟು. ಸಹಿ, ಮೊಹರು, ಫೋನ್ ನಂಬರು. ಅವರೇ ಫೋನ್ ಮಾಡಿ ವಿಚಾರಿಸ್ತಾರಂತೆ.”

“ನಾವು ವಿಮಾನದಲ್ಲಿ ಹೋಗ್ತೀವಾ?” ಎಂದಳು ಒಂಬತ್ತು ವರ್ಷದ ಮಗಳು.

“ಮೊದಲು ತಟ್ಟೆಯಲ್ಲಿರೋ ಸೊಪ್ಪು ಹೊಟ್ಟೆಗೆ ಹೋಗಲಿ,” ಎಂದರು ಅತ್ತೆ.

ಎಲ್ಲರೂ ಮಾವನ ಮುಖ ನೋಡಿದರು. ಅವರು ಅನ್ನಕ್ಕೆ ಬೇಳೆ ಕಲಸುತ್ತ, “ಒಂದು ಪತ್ರ ತಾನೇ? ಬರೆದುಕೊಟ್ಟರಾಯ್ತು ಬಿಡು,” ಎಂದರು. ಆ ‘ಬಿಡು’ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು. ಬರೆಯುತ್ತಾರೋ ಬಿಡುತ್ತಾರೋ ತಿಳಿಯಲಿಲ್ಲ.

ಮೊದಲ ವಾರ ಅಚ್ಚಿನ ಹಾಳೆ ಮುಗಿದಿತ್ತು. ನಾದಿನಿ ಹೊಸದು ಮಾಡಿಸಿ ತಂದಳು. ಎರಡನೆಯ ವಾರ ಮೊಹರು ಸಿಗಲಿಲ್ಲ. ಅತ್ತೆ ಹುಡುಕಿದರೆ ಅದು ಮಾವನ ಕೋಟಿನ ಜೇಬಿನಲ್ಲೇ ಇತ್ತು. ಆಮೇಲೆ ಗಿರಣಿಯಿಂದ ಆರು ಮೋಟಾರು ಒಟ್ಟಿಗೆ ಬಂದವು. “ಇದೊಂದು ಮುಗಿಯಲಿ,” ಎಂದರು ಮಾವ. ಸೊಸೆ ಬೆಳಿಗ್ಗೆ ಆರಕ್ಕೆ ಎದ್ದು ಅಡುಗೆ ಮಾಡಿಟ್ಟು, ಮಗಳನ್ನು ಶಾಲೆಗೆ ಕಳಿಸಿ, ಕೆಳಗಿಳಿದು ಆರನ್ನೂ ಮುಗಿಸಿದಳು. ಕೊನೆಯದು ಗಾಡಿ ಹತ್ತಿದ ಮಧ್ಯಾಹ್ನ, ವಾರ್ನಿಶ್ ಹತ್ತಿದ ಕೈಯನ್ನೂ ತೊಳೆಯದೆ ಮಾವನ ಮೇಜಿನ ಮುಂದೆ ಬಂದು ನಿಂತಳು.

“ಮುಗೀತು ಮಾವ.”

ಮಾವ ಡ್ರಾಯರಿನಿಂದ ಹಾಳೆ ತೆಗೆದು ಕೊಟ್ಟರು. ಬರೆದಿಟ್ಟಿದ್ದರು. ಸಹಿಯೂ ಆಗಿತ್ತು. ಆಕೆ ಅಲ್ಲೇ ನಿಂತು ಓದಿದಳು. ‘ಈಕೆ ನನ್ನ ಸೊಸೆ. ನಂಬಿಕಸ್ಥೆ, ಸದ್ಗುಣಿ. ಮನೆಗೆಲಸದ ನಡುವೆ ಬಿಡುವಾದಾಗ ಅಂಗಡಿಯ ಸಣ್ಣಪುಟ್ಟ ಕೆಲಸಗಳಿಗೆ ಕೈಜೋಡಿಸಿರುತ್ತಾಳೆ.’

“ಬಿಡುವಾದಾಗಲಾ?”

“ಏನು ತಪ್ಪು ಬರೆದಿದ್ದೀನಿ? ಸದ್ಗುಣಿ ಅಂತ ಹಾಕಿಲ್ವಾ?”

“ಸದ್ಗುಣಕ್ಕೆ ಅಲ್ಲಿ ಕೆಲಸ ಇಲ್ಲ ಮಾವ. ಈ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಮೋಟಾರು ಸುತ್ತಿದ್ದು ಯಾರು?”

“ಮನೆ ಸೊಸೆಗೆ ಯಾರಾದರೂ ಸಂಬಳದ ಚೀಟಿ ಕೊಡ್ತಾರಾ? ಉಣ್ಣೋದು ಒಂದೇ ಒಲೆಯ ಅನ್ನ!”

ದನಿ ಮೇಲಿನವರೆಗೆ ಕೇಳಿ ಅತ್ತೆ ಮೆಟ್ಟಿಲಿಳಿದು ಬಂದರು. ಆಗಷ್ಟೇ ಬೆಳಗಿನ ಪಾಳಿ ಮುಗಿಸಿ ಬಂದಿದ್ದ ನಾದಿನಿಯೂ ಹಿಂದೆಯೇ ಬಂದು, ಹಾಳೆ ಓದಿ, “ಇದನ್ನು ಕಳಿಸಿದರೆ ಅವರು ನಗ್ತಾರೆ ಅಪ್ಪ,” ಎಂದಳು.

ಮಾವ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ತಗ್ಗಿದ ದನಿಯಲ್ಲಿ ಹೇಳಿದರು. “ಕೇಳಿ ಎಲ್ಲರೂ. ನನ್ನ ಕೈಯಲ್ಲಿ ಬರೀಲಿಕ್ಕೆ ಆಗಲ್ಲ. ದಿನಕ್ಕೆ ಎಂಟು ಗಂಟೆ, ಹನ್ನೊಂದು ವರ್ಷ, ಸಂಬಳ ಇಲ್ಲ ಅಂತ ನಾನೇ ಸಹಿ ಹಾಕಿ ಕೊಟ್ಟರೆ, ಆ ಕಾಗದ ನಾಳೆ ಕಾರ್ಮಿಕ ಇಲಾಖೆಯವರ ಕೈಗೆ ಸಿಕ್ಕರೆ? ರಿಜಿಸ್ಟರಿನಲ್ಲಿರೋದು ಒಬ್ಬನ ಹೆಸರು, ನನ್ನ ಮಗಂದು. ಗಿರಣಿಯವರು ಕೆಲಸ ಕೊಡ್ತಿರೋದು ನನ್ನ ಲೈಸೆನ್ಸ್ ನೋಡಿ. ಅಂಗಡಿಗೆ ಬೀಗ ಬೀಳತ್ತೆ. ಆಮೇಲೆ ನೀನು ಹೋಗು, ಬಿಡು, ಇಲ್ಲಿ ಉಳಿದವರು ಏನು ತಿನ್ನೋದು? ತಾಮ್ರದ ತಂತಿಯಾ?”

ಅದು ಸುಳ್ಳಲ್ಲ ಎಂಬುದೇ ಸೊಸೆಗೆ ಹೆಚ್ಚು ಸಂಕಟ ತಂದಿತು. ಬರೀ ಹಟವಾಗಿದ್ದರೆ ಜಗಳವಾಡಬಹುದಿತ್ತು.

ಆ ವಾರ ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗುವಂತೆ ಇಟ್ಟಳು. ಮಾವ ನೀರು ಕೇಳಿದರೆ ಮಗಳ ಕೈಯಲ್ಲಿ ಕಳಿಸಿದಳು. ಅತ್ತೆ ಊಟದ ಮೇಜಿನ ಮೇಲೆ ದಪ್ಪ ಕಾಗದ ಹರಡಿಕೊಂಡು ಕತ್ತರಿಸುತ್ತ ಕೂತಿದ್ದರು. ಮೋಟಾರಿನ ಕಬ್ಬಿಣಕ್ಕೆ ತಂತಿ ತಾಗದ ಹಾಗೆ ನಡುವೆ ಇಡುವ ಕಾಗದ ಅದು. ಮದುವೆಯಾಗಿ ಬಂದಾಗಿನಿಂದ ಅತ್ತೆ ದಿನಾ ಮಧ್ಯಾಹ್ನ ಕತ್ತರಿಸುತ್ತಿದ್ದರು.

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಅತ್ತೆ. ನಮ್ಮ ಮನೇಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.”

“ನಿನಗೆ ಸುತ್ತೋದು ಹೇಳಿಕೊಟ್ಟಿದ್ದು ಯಾರು?” ಎಂದರು ಅತ್ತೆ ತಲೆ ಎತ್ತದೆ.

“ನೀವು.”

“ನನಗೆ ಬೆರಳು ಸೆಟೆದುಕೊಳ್ಳೋವರೆಗೂ ಅಂಗಡೀಲಿ ಅರ್ಧ ಕೆಲಸ ನಾನೇ ಮಾಡ್ತಿದ್ದೆ. ಯಾರಾದರೂ ಹೇಳಿದ್ದು ಕೇಳಿದ್ದೀಯಾ?” ಅತ್ತೆ ಮುಂದಿನ ಪಟ್ಟಿ ಕತ್ತರಿಸಿದರು. “ಹಾಗಂತ ನೀನೂ ಸುಮ್ಮನಿರು ಅಂತ ನಾನು ಹೇಳ್ತಿಲ್ಲ.”

ದಾರಿ ಹೇಳಿದವರು ಮಾವನೇ. ಭಾನುವಾರ ಮೊಟ್ಟೆ, ಬ್ರೆಡ್ಡು ತಿನ್ನುತ್ತಿದ್ದಾಗ ಗಂಟಲು ಸರಿಮಾಡಿಕೊಂಡರು.

“ಇವನ ಹೆಸರಿಗೆ ಎಲ್ಲ ದಾಖಲೆ ಇದೆಯಲ್ಲ. ರಿಜಿಸ್ಟರು, ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ. ಆ ಕೆಲಸಾನ ಇವನ ಹೆಸರಿಗೆ ಮಾಡಿಸಿಕೊಂಡರೆ? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ನನಗೆ ಸುತ್ತೋಕೆ ಬರಲ್ವಲ್ಲಪ್ಪಾ,” ಎಂದ ಮಗ.

“ಹೆಂಡತಿ ಇದ್ದಾಳೆ, ಕಲಿ.”

“ಹೋದರೆ ಮೂವರೂ ಒಟ್ಟಿಗೆ,” ಎಂದಳು ಸೊಸೆ.

“ಮೊದಲು ಅವನು ಹೋಗಲಿ. ಊರು, ಮನೆ ಎಲ್ಲ ಹೊಂದಿಸಿಕೊಳ್ಳಲಿ. ನೀವು ಆಮೇಲೆ…” ಎಂದು ಮಾವ ಚಹಾ ಹೀರಿದರು. ಆ ‘ಆಮೇಲೆ’ ಎಷ್ಟು ಉದ್ದ ಎಂಬುದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿತ್ತು. ಅವಳು ಹೋದ ದಿನ ಅಂಗಡಿ ನಿಲ್ಲುತ್ತದೆ.

ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಗಂಡ ಹಿಂದೆಯೇ ಬಂದ. ಒದ್ದೆ ಬಟ್ಟೆಯ ಒಂದು ತುದಿ ಹಿಡಿದುಕೊಂಡು ಹೇಳಿದ, “ನೀನು ಬೇಡ ಅಂದರೆ ಬೇಡ.”

“ಬೇಡ ಅಂದರೆ ಆಮೇಲೆ?”

ಅವನು ಹಿಡಿದ ತುದಿಯನ್ನು ಹಗ್ಗದ ಮೇಲೆ ಎಳೆದು ಹಾಕಿದ.

“ನೀವು ಹೋಗಿ ಮೂರು ತಿಂಗಳಲ್ಲಿ ನಮ್ಮನ್ನ ಕರೆಸಿಕೊಳ್ಳದೆ ಇದ್ದರೆ?”

“ನನ್ನನ್ನ ನಂಬಲ್ವಾ?”

“ನಿಮ್ಮನ್ನ ನಂಬ್ತೀನಿ. ನಿಮ್ಮಪ್ಪ ಫೋನಿನಲ್ಲಿ ಅತ್ತರೆ ಕರಗ್ತೀರಲ್ಲ, ಅದಕ್ಕೆ ಹೆದರ್ತೀನಿ.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಅವಳು ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ, “ನಾಳೆಯಿಂದ ಬೆಳಿಗ್ಗೆ ಆರಕ್ಕೆ ಕೆಳಗೆ ಬನ್ನಿ,” ಎಂದಳು.

ಎಂಜಿನಿಯರಿಗೆ ಅವಳೇ ಬರೆದಳು. ಅವನ ಉತ್ತರ ಚಿಕ್ಕದಾಗಿತ್ತು. ‘ನನಗೆ ಗೊತ್ತಿರುವುದು ನಿಮ್ಮ ಕೆಲಸ. ಅವರದ್ದು ಗೊತ್ತಿಲ್ಲ. ಕಂಪನಿಯವರು ವಿಡಿಯೋದಲ್ಲಿ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ನನ್ನ ಅಡ್ಡಿಯಿಲ್ಲ.’

ಇಪ್ಪತ್ತು ದಿನ ಅವಳು ಗಂಡನಿಗೆ ಕಲಿಸಿದಳು. ಭಾರವಾದ ಮೋಟಾರನ್ನು ಒಬ್ಬನೇ ಎತ್ತುತ್ತಿದ್ದವನ ದಪ್ಪ ಬೆರಳು ಕೂದಲಿನಂಥ ತಂತಿಯನ್ನು ಹಿಡಿಯಲಾರದೆ ಒದ್ದಾಡಿದವು. ಕಬ್ಬಿಣದ ಸಂದುಗಳಲ್ಲಿ ಸುರುಳಿ ಕೂರಿಸುವಾಗ ತಂತಿಯ ಮೈಯ ಲೇಪ ಸ್ವಲ್ಪ ತರಚಿದರೂ ಮೋಟಾರು ಮತ್ತೆ ಸುಡುತ್ತದೆ. ಅವನು ಮೊದಲ ವಾರ ಮೂರು ಸುಟ್ಟ.

“ಒತ್ತಬೇಡಿ. ತಾನಾಗಿ ಕೂರತ್ತೆ, ದಾರಿ ತೋರಿಸಿ ಸಾಕು.”

“ನೀನು ಮಾತಾಡ್ತಾ ಮಾಡ್ತೀಯಲ್ಲೇ. ಲೆಕ್ಕ ತಪ್ಪಲ್ವಾ?”

“ಲೆಕ್ಕ ಬೆರಳಿಗೆ ಗೊತ್ತಿರತ್ತೆ.”

ಅವನು ಅವಳ ಬೆರಳ ತುದಿಗಳನ್ನು ಹಿಡಿದು ನೋಡಿದ. ಒರಟಾಗಿ, ಅಡ್ಡಡ್ಡ ಗೀರು ಬಿದ್ದಿದ್ದವು. “ಇಷ್ಟು ವರ್ಷ ನಾನಿದನ್ನು ನೋಡೇ ಇಲ್ಲ,” ಎಂದ. “ನೋಡಿದ್ದೀರಿ. ಕೇಳಿಲ್ಲ,” ಎಂದು ಅವಳು ಕೈ ಬಿಡಿಸಿಕೊಂಡು ಮುಂದಿನ ಸುರುಳಿ ಕೊಟ್ಟಳು.

ಪರೀಕ್ಷೆಯ ದಿನ ಫೋನನ್ನು ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಆ ಕಡೆಯ ಮೂವರು ನೋಡುತ್ತಿದ್ದಂತೆ ಅವನು ಒಂದು ಸಣ್ಣ ಪಂಪಿನ ಮೋಟಾರು ಸುತ್ತಿದ. ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಕೊನೆಯಲ್ಲಿ ನಂಬರು ಹಾಕಿಟ್ಟ ತಂತಿಗಳ ತುದಿ ಜೋಡಿಸುವಾಗ ಯಾವುದಕ್ಕೆ ಯಾವುದೆಂದು ಮರೆತು ಕೈ ನಿಂತಿತು. ಫೋನಿನ ಹಿಂದೆ ನಿಂತಿದ್ದ ಅವಳು ಎರಡು ಬೆರಳು ಎತ್ತಿದಳು, ಆಮೇಲೆ ಐದು. ಅವನು ಜೋಡಿಸಿದ. ಮೋಟಾರು ತಿರುಗಿತು. ಮಗಳು ಚಪ್ಪಾಳೆ ತಟ್ಟಿದಳು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಫರ್ ಲೆಟರ್ ಗಂಡನ ಹೆಸರಿಗೆ ಬದಲಾಗಿ ಬಂತು. ಈ ಸಲ ಮಾವನಿಗೆ ಹಾಳೆಯೂ ಸಿಕ್ಕಿತು, ಮೊಹರೂ ಸಿಕ್ಕಿತು. ಒಂದೇ ಬೆಳಿಗ್ಗೆ ಪತ್ರ ಸಿದ್ಧವಾಯಿತು. ನಾದಿನಿ ಟೈಪು ಮಾಡುತ್ತಿದ್ದರೆ ಅವರು ಹಿಂದೆ ನಿಂತು ಹೇಳುತ್ತಿದ್ದರು. ‘ಹನ್ನೊಂದು ವರ್ಷದಿಂದ ವೈಂಡರ್ ಆಗಿ ದಿನಕ್ಕೆ ಎಂಟು ಗಂಟೆ ದುಡಿದಿರುತ್ತಾನೆ. ಸುಟ್ಟ ತಂತಿ ತೆಗೆಯುವುದು, ಸುತ್ತು ಎಣಿಸಿ ಸುರುಳಿ ಕಟ್ಟುವುದು, ಜೋಡಣೆ, ತಪಾಸಣೆ, ಎಲ್ಲದರಲ್ಲೂ ನಿಪುಣ. ಇವನ ಕೈಯಿಂದ ಹೋದ ಮೋಟಾರು ಮತ್ತೆ ಮರಳಿ ಬಂದದ್ದಿಲ್ಲ.’

ನಾದಿನಿ ಹಾಳೆಯನ್ನು ಅತ್ತಿಗೆಯ ಕೈಗೆ ಕೊಟ್ಟು, “ತಪ್ಪಿದ್ದರೆ ನೋಡು,” ಎಂದಳು.

ಅವಳು ಎರಡು ಸಲ ಓದಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ. ಹೆಸರೊಂದು ಬಿಟ್ಟು.

“ಸರಿಯಾಗಿದೆ,” ಎಂದು ಹಿಂದಿರುಗಿಸಿದಳು. “ಮಾವನಿಗೆ ನನ್ನ ಕೆಲಸ ಇಷ್ಟು ಚೆನ್ನಾಗಿ ಗೊತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.” ಮಾವ ಕನ್ನಡಕ ಒರೆಸಿಕೊಂಡರು.

ದಾಖಲೆ ಕೊಟ್ಟ ಹದಿನೈದನೆಯ ದಿನ ಫೋನ್ ಬಂತು. ಅಂಗಡಿಯಲ್ಲಿ ಎಲ್ಲರೂ ಇದ್ದರು. ಮಾವನಿಗೆ ಕಿವಿ ಮಂದವಾದ್ದರಿಂದ ಮಗ ಸ್ಪೀಕರ್ ಒತ್ತಿದ. ವಲಸೆ ಕಚೇರಿಯ ಪರವಾಗಿ ಮಾತಾಡುತ್ತಿದ್ದೇನೆ ಎಂದಿತು ಒಂದು ಹೆಣ್ಣು ದನಿ. ಮೆತ್ತಗಿನ, ಅವಸರವಿಲ್ಲದ ದನಿ. ಅಂಗಡಿ ಯಾವಾಗ ಶುರುವಾಯಿತು, ಎಷ್ಟು ಜನ, ಮಗ ಯಾವಾಗಿನಿಂದ ಇದ್ದಾನೆ ಎಂದು ಕೇಳಿತು. ಮಾವ ಪಾಠ ಒಪ್ಪಿಸುವ ಹಾಗೆ ಹೇಳಿದರು. ಹತ್ತು ನಿಮಿಷವಾಗುತ್ತ ಬಂದಂತೆ ಅವರ ಹೆದರಿಕೆ ಹೋಯಿತು. ಇಷ್ಟು ಮರ್ಯಾದೆಯಿಂದ ಅವರ ಕಸುಬಿನ ಬಗ್ಗೆ ಯಾರೂ ಕೇಳಿರಲಿಲ್ಲ. ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದರು.

“ಕಂಪನಿಯ ಎಂಜಿನಿಯರ್ ಒಂದು ಟಿಪ್ಪಣಿ ಬರೆದಿದ್ದಾರೆ,” ಎಂದಿತು ದನಿ. “ಗಿರಣಿಯ ದೊಡ್ಡ ಮೋಟಾರನ್ನ ಎರಡೇ ದಿನದಲ್ಲಿ ಕಟ್ಟಿಕೊಟ್ಟರು ಅಂತ. ಅದು ತುಂಬ ಕಷ್ಟದ ಕೆಲಸ ಅಂತೆ, ಹೌದಾ?”

“ಕಷ್ಟ ಅಂದ್ರೆ ಏನು ತಾಯಿ!” ಮಾವ ನೆಟ್ಟಗೆ ಕೂತರು. “ಬೇರೆ ಅಂಗಡಿಯವರು ಮುಟ್ಟೋಕೇ ಹೆದರಿದ್ರು. ಎಪ್ಪತ್ತೆರಡು ಸುರುಳಿ. ಒಂದೇ ಒಂದು ಸುತ್ತು ಹೆಚ್ಚು ಇಲ್ಲ, ಕಡಿಮೆ ಇಲ್ಲ.”

“ಅದನ್ನ ಕಟ್ಟಿದ್ದು ನಿಮ್ಮ ಮಗನೇ ಅಲ್ವಾ?”

“ಅಯ್ಯೋ, ಇವನ ಕೈಲಿ ಎಲ್ಲಿ ಆಗತ್ತೆ? ಅದು ನಮ್ಮ ಸೊಸೆ ಕಟ್ಟಿದ್ದು! ಅವಳ ಕೈ ಅಂದರೆ…”

ಮಗ ಕೈ ಬೀಸಿದ. ನಾದಿನಿ ಬಾಯಿ ಮುಚ್ಚಿಕೊಂಡಳು. ಮಾವನ ಬಾಯಿ ತೆರೆದೇ ಇತ್ತು.

“ಸೊಸೆ ನಿಮ್ಮಲ್ಲಿ ಕೆಲಸಕ್ಕಿದ್ದಾರಾ ಸರ್? ಪತ್ರದಲ್ಲಿ ಅವರ ಹೆಸರಿಲ್ಲ.”

“ಇಲ್ಲ… ಅಂದರೆ… ಮನೆಯವಳು. ಬಿಡುವಾದಾಗ…”

“ಸರಿ ಸರ್. ಬರೆದುಕೊಂಡಿದ್ದೀನಿ. ಧನ್ಯವಾದ.”

ಮಗ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಮೊದಲು ಬಂದದ್ದು ನಗು. ಹನ್ನೊಂದು ವರ್ಷ ಆ ಬಾಯಿಂದ ಬರದ ಮಾತು ಬಂದೇಬಂತು, ಬರಬಾರದ ಗಳಿಗೆಯಲ್ಲಿ. ನಗು ಗಂಟಲಿಗೆ ಬರುವಷ್ಟರಲ್ಲಿ ಅಳುವಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.

ಎರಡು ವಾರಕ್ಕೆ ಕಾಗದ ಬಂತು. ದಾಖಲೆಗೂ ಹೇಳಿಕೆಗೂ ತಾಳೆಯಾಗದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ಎಂಜಿನಿಯರೂ ಬರೆದ. ಕಂಪನಿ ಬೇರೆಯವರನ್ನು ತೆಗೆದುಕೊಂಡಿತು, ತನಗೂ ಮಾತು ಬಂತು, ಇನ್ನು ಈ ಮನೆಯ ವಿಷಯ ತನ್ನನ್ನು ಕೇಳಬೇಡಿ ಎಂದು.

ಮರುದಿನ ಸೊಸೆ ಕೆಳಗಿಳಿಯಲಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಮಗಳಿಗೆ ಪಾಠ ಹೇಳಿದಳು. ಮಾವ ಕೆಳಗಿನಿಂದ ಎರಡು ಸಲ ಕೂಗಿದರು. “ಬಿಡುವಿಲ್ಲ,” ಎಂದಳು. ಎರಡನೆಯ ದಿನವೂ ಅಷ್ಟೇ. ಗಂಡ ತಾನೇ ಸುತ್ತಲು ಕೂತ. ಹಿಟ್ಟಿನ ಯಂತ್ರದ್ದು ಅರ್ಧ ಗಂಟೆ ತಿರುಗಿ ಹೊಗೆಯಾಡಿತು. ಮೂರನೆಯ ದಿನ ಗಿರಣಿಯವರು ಬಾಗಿಲಲ್ಲಿ ನಿಂತು, ನಾಳೆಯೊಳಗೆ ಆಗದಿದ್ದರೆ ಬೇರೆ ಕಡೆ ಹೋಗುತ್ತೇವೆ ಎಂದರು.

“ಹೋಗಿ ಒಂದು ಮಾತು ಹೇಳಪ್ಪ, ತಪ್ಪಾಯ್ತು ಅಂತ,” ಎಂದ ಮಗ.

“ಯಾವ ತಪ್ಪು? ಬರೀದೇ ಇದ್ದಿದ್ದಾ, ಬಾಯಿ ಬಿಟ್ಟಿದ್ದಾ?”

“ಎರಡೂ.”

ನಾಲ್ಕನೆಯ ಬೆಳಿಗ್ಗೆ ಮಾವ ಅಡುಗೆಮನೆಗೆ ಬಂದರು. ಕುಕ್ಕರು, ಬಾಣಲೆಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಿಗೆ ಆತುಕೊಂಡರು.

“ಕೆಳಗೆ ಬಾಮ್ಮ.”

“ರಿಜಿಸ್ಟರಿನಲ್ಲಿ ಹೆಸರು ಬರೀರಿ. ತಿಂಗಳ ಸಂಬಳ ನನ್ನ ಹೆಸರಿಗೆ ಬ್ಯಾಂಕಿಗೆ ಹೋಗಲಿ. ಚೀಟಿ ಕೊಡಿ. ಬರ್ತೀನಿ.”

ಅವರು ವಾದಿಸಲಿಲ್ಲ. ಕೆಳಗೆ ಹೋಗಿ ಪುಸ್ತಕ ತಂದು, ಊಟದ ಮೇಜಿನ ಮೇಲಿದ್ದ ಅತ್ತೆಯ ಕಾಗದದ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ತೆರೆದರು. ಹೆಸರು ಬರೆದರು. ನಡುಗುವ ಅಕ್ಷರ ಗೆರೆಯಿಂದ ಆಚೀಚೆ ಹೋಯಿತು.

“ಹುದ್ದೆ ಏನಂತ ಹಾಕ್ಲಿ? ಸಹಾಯಕಿ?”

“ವೈಂಡರ್.”

ಬರೆದರು. ಮುಂದಿನ ಅಂಕಣದಲ್ಲಿ ಪೆನ್ನು ನಿಂತಿತು. “ಸೇರಿದ ತಾರೀಕು… ಇವತ್ತಿಂದು.”

“ಹನ್ನೊಂದು ವರ್ಷ ಮಾವ.”

“ಹಿಂದಿನ ತಾರೀಕು ಹಾಕಿದರೆ ನಾನೇ ಕೈಯಾರೆ ಕೋಳ ತೊಟ್ಟ ಹಾಗೆ. ನಿನ್ನ ಕಾಲಿಗೆ ಬೀಳಲಾ? ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳು.”

ಆಫೀಸಿಗೆ ಹೊರಟಿದ್ದ ನಾದಿನಿ ಚಪ್ಪಲಿ ಮೆಟ್ಟುತ್ತ ಅಲ್ಲೇ ನಿಂತಳು. “ಇವತ್ತಿಂದ ಐದು ವರ್ಷ ಅಂದರೆ ನಿನಗೆ ನಲವತ್ತೊಂದಾಗತ್ತೆ ಅತ್ತಿಗೆ.”

“ಗೊತ್ತು.”

“ಆ ದೇಶದವರ ನಿಯಮದಲ್ಲಿ ನಲವತ್ತು ದಾಟಿದರೆ ವೀಸಾ…”

“ಗೊತ್ತು ಅಂದ್ನಲ್ಲ.”

ಅವಳು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಆ ತಾರೀಕಿನ ಎದುರು ಸಹಿ ಹಾಕಿದಳು. ಬೇರೆ ದೇಶವಿರಲಿ, ಬೀದಿ ಆಚೆಯ ಅಂಗಡಿಗೆ ಹೋಗಿ ಕೆಲಸ ಕೇಳಿದರೂ ತೋರಿಸಲು ಅವಳ ಹತ್ತಿರ ಇದ್ದದ್ದು ಆ ಒಂದು ಗೆರೆಯ ದಾಖಲೆ, ಅದರ ವಯಸ್ಸು ಒಂದು ನಿಮಿಷ.

ಮಾವ ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಲು ಹೋದರು. ಅತ್ತೆ ಕತ್ತರಿಯನ್ನು ಅದರ ನಡುವೆ ಇಟ್ಟರು.

“ಅದರ ಕೆಳಗೆ ಇನ್ನೊಂದು ಗೆರೆ ಖಾಲಿ ಇದೆಯಾ?”

“ಯಾಕೆ?”

“ಕಾಗದ ಕತ್ತರಿಸೋದು ಯಾರು ಅಂತ ನಾಳೆ ಯಾರಾದರೂ ಫೋನ್ ಮಾಡಿ ಕೇಳಿದರೆ?”

ಮಾವ ನಕ್ಕರು. ಉಳಿದವರು ಯಾರೂ ನಗಲಿಲ್ಲ. ಅತ್ತೆಯ ಕತ್ತರಿ ಅಲ್ಲಿಂದ ಕದಲಲಿಲ್ಲ.

ಮಾವ ಏನು ಹೇಳುತ್ತಾರೆಂದು ಕೇಳಲು ಸೊಸೆ ನಿಲ್ಲಲಿಲ್ಲ. ಕೆಳಗೆ ಗಂಡ ಬಾಗಿಲು ತೆಗೆದಿದ್ದ, ಏಳು ಮೋಟಾರು ಕಾಯುತ್ತಿದ್ದವು. ಅವಳು ಮೆಟ್ಟಿಲಿಳಿದು, ಗೋಡೆಯ ಮೇಲಿನ ಗಡಿಯಾರ ನೋಡಿ, ತಾನು ಬಂದ ಗಂಟೆಯನ್ನು ಸೀಮೆಸುಣ್ಣದಿಂದ ಬಾಗಿಲ ಹಿಂದೆ ಬರೆದಳು. ಆಮೇಲೆ ಕೆಲಸಕ್ಕೆ ಕೂತಳು.